ಕೊನೊಯೆ ಜೀವನಚರಿತ್ರೆ: ಬರವಣಿಗೆ 1938ಕ್ಕೆ ಬಂದಿದೆ

ಯುದ್ಧಕಾಲದ ಜಪಾನಿನಲ್ಲಿ ಪ್ರಧಾನಿಯಾಗಿ ಮೂರು ಬಾರಿ ಸಚಿವ ಸಂಪುಟ ರಚಿಸಿದ ಫುಮಿಮಾರೊ ಕೊನೊಯೆ ಅವರ ಜೀವನಚರಿತ್ರೆಯನ್ನು ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದು, ಬಾಲ್ಯದ ಅಧ್ಯಾಯ ಒಂದು ಹದಕ್ಕೆ ಬಂದಿದೆ. 1891ರಲ್ಲಿ ಹುಟ್ಟಿದ ಮಗುವಿನ ತಾಯಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಂದೆ ಅತ್ಸುಮಾರೊ ಆಕೆಯ ತಂಗಿಯನ್ನೇ ಮದುವೆಯಾದರು. ಮಲತಾಯಿಯನ್ನೇ ಹೆತ್ತವಳೆಂದು ನಂಬಿದ್ದ ಹುಡುಗನಿಗೆ ನಿಜ ತಿಳಿದದ್ದು 1904ರಲ್ಲಿ ತಂದೆ ಸತ್ತ ಮೇಲೆ. ಜಪಾನಿನ ಪ್ರಾಚೀನ ಕುಲೀನ ವಂಶವಾದ ಫುಜಿವಾರದ ಐದು ಹಿರಿಯ ಮನೆತನಗಳಲ್ಲಿ ಅಗ್ರವಾದದ್ದರ ಯಜಮಾನಿಕೆಯೂ ತಂದೆಯ ಸಾಲವೂ ಒಟ್ಟಿಗೇ ಅವನ ಪಾಲಿಗೆ ಬಂದವು. ಕ್ಯೋಟೊ ವಿಶ್ವವಿದ್ಯಾಲಯ, 1919ರ ಪ್ಯಾರಿಸ್ ಶಾಂತಿ ಸಮ್ಮೇಳನ, ಮೇಲ್ಮನೆಯ ಅಧ್ಯಕ್ಷತೆ ಇವನ್ನೆಲ್ಲ ಚಿಕ್ಕದಾಗಿಯೇ ಮುಗಿಸಿದ್ದೇನೆ.

ಈಗ ಕೈಯಲ್ಲಿರುವುದು ಅವರ ಮೊದಲ ಸಚಿವ ಸಂಪುಟದ ಅಧ್ಯಾಯ. 1937ರ ಜೂನ್‌ನಲ್ಲಿ ಅವರು ಪ್ರಧಾನಿಯಾದರು. ಜುಲೈ 7ರಂದು ಬೀಜಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯಲ್ಲಿ ಗುಂಡು ಹಾರಿ, ಚೀನಾದೊಡನೆ ಯುದ್ಧ ಹೊತ್ತಿಕೊಂಡಿತು. ಸೇನೆಯ ಒತ್ತಡಕ್ಕೆ ಸಿಕ್ಕ ಮೆದು ಸ್ವಭಾವದ ಕುಲೀನರೆಂದು ಅವರನ್ನು ಚಿತ್ರಿಸುವುದು ರೂಢಿ. ಆದರೆ 1938ರ ಜನವರಿಯಲ್ಲಿ, ಜರ್ಮನಿಯ ಮಧ್ಯಸ್ಥಿಕೆಯಲ್ಲಿ ಚೀನಾದೊಡನೆ ನಡೆದಿದ್ದ ಸಂಧಾನ ಮುಂದುವರಿಯಲೆಂದು ಪಟ್ಟು ಹಿಡಿದವರು ಭೂಸೇನಾ ಪ್ರಧಾನ ಕಚೇರಿಯ ಉಪಮುಖ್ಯಸ್ಥ ತಾದಾ ಹಯಾವೊ; ಸಾಕು ಎಂದದ್ದು ಸಂಪುಟ. ಜನವರಿ 16ರಂದು, ಚೀನಾದ ನಾಯಕ ಚಿಯಾಂಗ್ ಕೈ-ಶೆಕ್ ಸರ್ಕಾರದೊಂದಿಗೆ ಇನ್ನು ವ್ಯವಹರಿಸುವುದಿಲ್ಲ ಎಂದು ಕೊನೊಯೆ ಸರ್ಕಾರವೇ ಘೋಷಿಸಿತು. ಹೀಗಾಗಿ ನನ್ನ ಪುಸ್ತಕದ ನಡುಗಂಬ ಅಮೆರಿಕದೊಡನೆ ಯುದ್ಧ ಶುರುವಾದ 1941 ಅಲ್ಲ, ಈ ಘೋಷಣೆ ಎಂದು ತೀರ್ಮಾನಿಸಿ, ಅಧ್ಯಾಯಗಳನ್ನು ಅದಕ್ಕೆ ತಕ್ಕಂತೆ ಮರುಜೋಡಿಸುತ್ತಿದ್ದೇನೆ.

1941ರ ಭಾಗಕ್ಕೆ ಟಿಪ್ಪಣಿಗಳು ಸಿದ್ಧವಾಗಿವೆ. ಸೆಪ್ಟೆಂಬರ್ 6ರಂದು ಚಕ್ರವರ್ತಿಯ ಸಮ್ಮುಖದ ಸಭೆ, ಅಕ್ಟೋಬರ್ ಮೊದಲ ಭಾಗದೊಳಗೆ ಅಮೆರಿಕದೊಡನೆ ಮಾತುಕತೆ ಫಲಿಸದಿದ್ದರೆ ಯುದ್ಧಕ್ಕೆ ನಿರ್ಧರಿಸುವುದೆಂದು ಗೊತ್ತುಮಾಡಿತು. ಅದೇ ಸಂಜೆ ಕೊನೊಯೆ ಮಿತ್ರರೊಬ್ಬರ ಮನೆಯಲ್ಲಿ ಅಮೆರಿಕದ ರಾಯಭಾರಿ ಗ್ರೂ ಅವರೊಡನೆ ಗುಟ್ಟಾಗಿ ಊಟಕ್ಕೆ ಕುಳಿತು, ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಖುದ್ದಾಗಿ ಕಾಣಲು ಅವಕಾಶ ಕೇಳಿದರು. ಇವೆರಡನ್ನೂ ಬೇರ್ಪಡಿಸದೆ ಒಂದೇ ಪ್ರಕರಣದಲ್ಲಿ ಇಡುವೆ. ಆ ಭೇಟಿ ನಡೆಯಲಿಲ್ಲ. ಚೀನಾದಿಂದ ಸೈನ್ಯ ಹಿಂತೆಗೆಯಲು ಯುದ್ಧಮಂತ್ರಿ ತೋಜೊ ಒಪ್ಪಲಿಲ್ಲ. ಅಕ್ಟೋಬರ್ 16ರಂದು ಕೊನೊಯೆ ರಾಜೀನಾಮೆ ಕೊಟ್ಟರು. ಆ ಸೈನ್ಯ ಅಲ್ಲೇ ಸಿಕ್ಕಿಕೊಳ್ಳುವಂತೆ ಮಾಡಿದ್ದರಲ್ಲಿ ಅವರದೇ ಪಾಲಿತ್ತು ಎಂಬುದನ್ನು ಓದುಗರು ಅಷ್ಟರೊಳಗೆ ಮರೆತಿರಬಾರದು.

ಬಾಕಿ ಉಳಿದಿರುವುದು 1945. ಸೋಲಿಗಿಂತ ಅದರ ಬೆನ್ನಿಗೇ ಬರಬಹುದಾದ ಕಮ್ಯುನಿಸ್ಟ್ ಕ್ರಾಂತಿಯೇ ಹೆಚ್ಚು ಭಯಂಕರವೆಂದು ಫೆಬ್ರವರಿಯಲ್ಲಿ ಅವರು ಚಕ್ರವರ್ತಿಗೆ ಸಲ್ಲಿಸಿದ ಮನವಿಯಿಂದ ಆ ಅಧ್ಯಾಯ ಆರಂಭವಾಗಲಿದೆ. ಯುದ್ಧಾಪರಾಧದ ಶಂಕಿತರಾಗಿ ಸುಗಾಮೊ ಸೆರೆಮನೆಗೆ ಹಾಜರಾಗಬೇಕಿದ್ದ ಡಿಸೆಂಬರ್ 16ರಂದು, ಒಗಿಕುಬೊದ ಮನೆಯಲ್ಲಿ ಅವರು ವಿಷ ಸೇವಿಸಿದ ಘಟನೆಯನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸುವ ಯೋಚನೆಯಿದೆ.