ಟ್ಯಾಕ್ಸ್ ಬರಲ್ಲ ಎಂದು ನಾನು ವಾಪಸ್ ಕಳಿಸಿದ ಪಾಸ್ಟರ್

2016ರ ಜುಲೈ ಕೊನೆಯ ವಾರ. ದಾವಣಗೆರೆಯ ನನ್ನ ಚಿಕ್ಕ ಆಫೀಸಿನಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಿಸಲು ಬಂದವರಿಗೆ ನಿಲ್ಲಲೂ ಜಾಗ ಇರಲಿಲ್ಲ. ಆ ಗದ್ದಲದಲ್ಲಿ ಒಬ್ಬ ಪಾಸ್ಟರ್ ತಮ್ಮ ಸರದಿಗೆ ಎರಡು ಗಂಟೆ ಕಾದು ನನ್ನ ಮುಂದೆ ಕೂತರು. ತಾಲೂಕಿನ ಒಂದು ಹಳ್ಳಿಯಲ್ಲಿ ಅವರದ್ದು ಸ್ವತಂತ್ರ ಸಭೆ, ಅಂದರೆ ಒಟ್ಟಿಗೆ ಆರಾಧನೆಗೆ ಸೇರುವ ಕ್ರೈಸ್ತರ ಬಳಗ. 60 ಕುಟುಂಬ ಇರಬಹುದು. ಮೇಲೆ ಬಿಷಪ್ ಇಲ್ಲ, ಸಂಬಳ ಕೊಡುವ ಸಂಸ್ಥೆ ಇಲ್ಲ. "ಮೇಡಂ, ನಾನೂ ರಿಟರ್ನ್ ಹಾಕ್ಬೇಕಾ?" ಎಂದು ಕೇಳಿದರು.

ತಿಂಗಳಿಗೆ ಎಷ್ಟು ಬರುತ್ತದೆ ಎಂದೆ. ದಶಮಾಂಶ (ಸಭೆಯವರು ತಮ್ಮ ಆದಾಯದ ಹತ್ತರಲ್ಲೊಂದು ಪಾಲು ಕೊಡುವುದು), ಭಾನುವಾರದ ಕಾಣಿಕೆ, ಮನೆ ಪ್ರಾರ್ಥನೆಗೆ ಹೋದಾಗ ಕೈಗಿಡುವ ಕವರ್ ಎಲ್ಲ ಸೇರಿ ಹತ್ತೋ ಹನ್ನೆರಡೋ ಸಾವಿರ ಎಂದರು. "ನಿಮಗೆ ಟ್ಯಾಕ್ಸ್ ಬರಲ್ಲ ಪಾಸ್ಟರ್, ಸುಮ್ನೆ ಯಾಕೆ ಖರ್ಚು" ಎಂದು ಫೀಸು ತೆಗೆದುಕೊಳ್ಳದೆ ಕಳಿಸಿದೆ. ಅವರು ಕೈ ಮುಗಿದು ಹೋದರು. ಒಳ್ಳೆಯದು ಮಾಡಿದೆ ಎಂದೇ ಅಂದುಕೊಂಡಿದ್ದೆ.

ಕಾನೂನಿನ ಪ್ರಕಾರ ನಾನು ಹೇಳಿದ್ದು ಸರಿ. ಆದರೆ ನಾನು ಅವರ ವಯಸ್ಸು ಕೇಳಲಿಲ್ಲ. ಆಗ ಅವರಿಗೆ 38. ಅಟಲ್ ಪಿಂಚಣಿ ಯೋಜನೆ ಶುರುವಾಗಿ ಒಂದು ವರ್ಷವಷ್ಟೇ ಆಗಿತ್ತು. ಅದಕ್ಕೆ 18ರಿಂದ 40 ವರ್ಷದೊಳಗೆ ಸೇರಬೇಕು. 40ರಲ್ಲಿ ಸೇರಿದರೂ ತಿಂಗಳಿಗೆ 1,454 ರೂಪಾಯಿ ಕಟ್ಟಿದರೆ 60 ಆದ ಮೇಲೆ ತಿಂಗಳಿಗೆ 5,000 ಬರುತ್ತದೆ. ಆ ಒಂದು ಮಾತು ಹೇಳಲು ನನಗೆ ಎರಡು ನಿಮಿಷ ಸಾಕಿತ್ತು.

ಅವರು ಮತ್ತೆ ಬಂದಿದ್ದು 2024ರಲ್ಲಿ, ಕೈಯಲ್ಲಿ ಆದಾಯ ತೆರಿಗೆಯ ನೋಟಿಸ್ ಹಿಡಿದುಕೊಂಡು. ಮುಖ ಬಾಡಿತ್ತು. ಜೊತೆಗೆ ಅವರ ಹೆಂಡತಿ. ಸಭೆಯವರು ಅವರನ್ನು ಪಾಸ್ಟರಮ್ಮ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಆಗಿದ್ದು ಇಷ್ಟು. ಶೀಟಿನ ಪ್ರಾರ್ಥನಾಲಯ ತೆಗೆದು ಆರ್‌ಸಿಸಿ ಕಟ್ಟಲು ಸಭೆಯವರು ಎರಡು ಸುಗ್ಗಿ ಹಬ್ಬದಿಂದ ದುಡ್ಡು ಕೂಡಿಸಿದ್ದರು. ಅಡಿಕೆ ಮಾರಿದವರು, ಕೂಲಿ ಮಾಡಿದವರು, ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಎಲ್ಲರೂ ಕೊಟ್ಟಿದ್ದರು. ಸಭೆಗೆ ಬ್ಯಾಂಕ್ ಖಾತೆ ಇರಲಿಲ್ಲ. ಅಷ್ಟೂ ನಗದನ್ನು ಪಾಸ್ಟರ್ ತಮ್ಮ ಉಳಿತಾಯ ಖಾತೆಗೆ ಕಟ್ಟಿದ್ದರು. ಉಳಿತಾಯ ಖಾತೆಗೆ ಒಂದು ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಬಿದ್ದರೆ ಬ್ಯಾಂಕಿನವರು ಇಲಾಖೆಗೆ ತಿಳಿಸಲೇಬೇಕು. ಇಲಾಖೆಯ ಲೆಕ್ಕದಲ್ಲಿ ಇವರು ಒಮ್ಮೆಯೂ ರಿಟರ್ನ್ ಹಾಕದ ಮನುಷ್ಯ. ಇಷ್ಟು ಹಣ ಎಲ್ಲಿಂದ ಬಂತು ಎಂದು ಅವರು ಕೇಳಿದ್ದು ಸಹಜವೇ.

ಎರಡು ತಿಂಗಳು ಕೂತು ಉತ್ತರ ಸಿದ್ಧ ಮಾಡಿದೆವು. ಸಭೆಯ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, 200 ಪುಟದ ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಕೊಟ್ಟರು ಎಂದು ತಾರೀಖು ಸಮೇತ ಬರೆದಿಟ್ಟಿದ್ದರು. ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ಪಾಸ್ಟರಮ್ಮ ಅಕ್ಕಿ ಡಬ್ಬದ ಮೇಲಿನ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಆ ಎರಡರಿಂದ ಅವರು ಉಳಿದರು. ಬರೆದಿಡುವವರು ಇಲ್ಲದ ಸಭೆಗಳೇ ಜಾಸ್ತಿ.

ಆ ಎರಡು ತಿಂಗಳಲ್ಲಿ ನನ್ನ ಕೆಲಸದ ಬಗ್ಗೆ ನನಗಿದ್ದ ಅಭಿಪ್ರಾಯವೇ ಬದಲಾಯಿತು. ಪಾಸ್ಟರ್ ಒಬ್ಬರು ಬಂದಾಗ ಟ್ಯಾಕ್ಸ್ ಎಷ್ಟು ಎಂಬುದು ಕೊನೆಗೆ ನೋಡುವ ವಿಷಯ. ಅವರ ಖಾತೆಯಲ್ಲಿರುವ ದುಡ್ಡಿನಲ್ಲಿ ಸಭೆಯದ್ದು ಎಷ್ಟು, ಅವರ ಮನೆಯದ್ದು ಎಷ್ಟು ಎಂದು ಮೊದಲು ಬಿಡಿಸಬೇಕು. ಅದು ಬಿಡಿಸದೆ ಪಿಂಚಣಿ, ಸಾಲ, ಮನೆ ಯಾವುದರ ಮಾತೂ ಮುಂದೆ ಹೋಗುವುದಿಲ್ಲ. ತನ್ನದು ಎಂದು ಕಾಗದದ ಮೇಲೆ ಒಂದು ರೂಪಾಯಿಯೂ ಇಲ್ಲದವರು ಉಳಿಸುವುದು ಹೇಗೆ?

ಬಿಡಿಸುವ ಕೆಲಸ ಹೀಗೆ ನಡೆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ನೋಂದಣಿ, ಟ್ರಸ್ಟ್ ಹೆಸರಿನಲ್ಲಿ ಪ್ಯಾನ್, ಇಬ್ಬರ ಸಹಿ ಬೇಕಾದ ಬ್ಯಾಂಕ್ ಖಾತೆ, ಆಮೇಲೆ ಆದಾಯ ತೆರಿಗೆ ವಿನಾಯಿತಿಗೆ ಬೇಕಾದ ನೋಂದಣಿ. ಪ್ರಾರ್ಥನಾಲಯದ ಬಾಗಿಲಿಗೆ ಅಂಟಿಸಿದ್ದ ಕ್ಯೂಆರ್ ಕೋಡ್ ಪಾಸ್ಟರ್ ಫೋನಿನದ್ದಾಗಿತ್ತು. ಅದನ್ನು ಕಿತ್ತು ಟ್ರಸ್ಟಿನದ್ದು ಅಂಟಿಸಿದೆವು. ನಿಮ್ಮ ಸಭೆಯ ಬಾಗಿಲಲ್ಲೂ ಒಂದು ಇದ್ದರೆ ದಯವಿಟ್ಟು ಇವತ್ತೇ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆ ನೋಡಿ.

ಒಂದು ಎಚ್ಚರಿಕೆ. ಪಾಸ್ಟರ್, ಅವರ ಹೆಂಡತಿ, ಭಾಮೈದ ಮೂವರೇ ಟ್ರಸ್ಟಿಗಳಾಗಿ ಟ್ರಸ್ಟ್ ಮಾಡಿಕೊಂಡವರನ್ನು ನೋಡಿದ್ದೇನೆ. ಟ್ರಸ್ಟಿನ ಹಣ ಟ್ರಸ್ಟಿಯ ಲಾಭಕ್ಕೆ ಹೋದರೆ ವಿನಾಯಿತಿಗೇ ಕುತ್ತು. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಕೊಡಬಹುದು. ಆದರೆ ಅದು ನ್ಯಾಯವಾದದ್ದು ಎಂದು ತೋರಿಸಲು ಬೇರೆಯವರು ಕೂತು ತೀರ್ಮಾನಿಸಿದ ಠರಾವು ಇರಬೇಕು.

ಆ ಠರಾವಿನ ದಿನ ನಾನೂ ಹೋಗಿದ್ದೆ. ಭಾನುವಾರದ ಆರಾಧನೆ ಮುಗಿದಿತ್ತು. ಪಾಸ್ಟರ್ ಹೊರಗೆ ಬೇವಿನ ಮರದ ಕೆಳಗೆ ಸಂಡೇ ಸ್ಕೂಲ್ ಮಕ್ಕಳ ಜೊತೆ ಕೂತರು. ಒಳಗೆ ಕಮಿಟಿಯ ಒಂಬತ್ತು ಜನ. ಮೊದಲು ಯಾರೂ ಬಾಯಿ ಬಿಡಲಿಲ್ಲ. "ದೇವರ ಸೇವೆಗೆ ಸಂಬಳ ಅಂತ ಹೇಳೋದು ಹೆಂಗೆ ಮೇಡಂ?" ಎಂದು ಒಬ್ಬರು ಕೇಳಿದರು. ನಾನು ಆ ಧರ್ಮದವಳಲ್ಲ, ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಮೇಷ್ಟ್ರೇ ಎದ್ದು ನಿಂತರು. ದುಡಿಯುವವನಿಗೆ ಕೂಲಿ ಸಲ್ಲಬೇಕು ಎಂಬ ಅರ್ಥದ ಮಾತು ಲೂಕನ ಸುವಾರ್ತೆಯಲ್ಲೇ ಇದೆ ಎಂದು ಓದಿ ತೋರಿಸಿದರು. ತಿಂಗಳಿಗೆ 18,000 ಎಂದು ಬರೆದೆವು. ಪ್ರತಿ ತಿಂಗಳು 5ನೇ ತಾರೀಖು, ಖಾತೆಗೇ. ಒಳಗೆ ಕರೆದು ಹೇಳಿದಾಗ ಪಾಸ್ಟರ್ ತಲೆ ತಗ್ಗಿಸಿ ಬಹಳ ಹೊತ್ತು ಸುಮ್ಮನಿದ್ದರು.

ಇನ್ನು ಕವರ್‌ಗಳ ವಿಷಯ. ವರ್ಷಕ್ಕೆ 50,000ದೊಳಗಿನ ಉಡುಗೊರೆಗೆ ತೆರಿಗೆ ಇಲ್ಲ, ಹಾಗಾಗಿ ಕವರ್ ಲೆಕ್ಕಕ್ಕಿಲ್ಲ ಎಂದು ತುಂಬಾ ಜನ ಪಾಸ್ಟರ್‌ಗಳು ನಂಬಿದ್ದಾರೆ. ಕೊಡುವವರು ಪ್ರೀತಿಯಿಂದ ಕೊಟ್ಟರೂ, ಅದು ನಿಮ್ಮ ವೃತ್ತಿಯ ಕಾರಣಕ್ಕೆ ಬಂದಿದ್ದರೆ ಆದಾಯವೇ. ಇದು ಇವತ್ತಿನ ಮಾತಲ್ಲ. ತಿರುವಾಂಕೂರಿನ ಕೃಷ್ಣ ಮೆನನ್ ಎಂಬ ವೇದಾಂತ ಗುರುಗಳಿಗೆ ಅವರ ಇಂಗ್ಲಿಷ್ ಶಿಷ್ಯರೊಬ್ಬರು ಕೊಟ್ಟ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1958ರಲ್ಲೇ ಹೀಗೆ ತೀರ್ಪು ಕೊಟ್ಟಿದೆ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಫಾದರ್‌ಗಳು, ಸಿಸ್ಟರ್‌ಗಳು ಸಂಬಳವನ್ನು ಪೂರ್ತಿ ತಮ್ಮ ಸಂಸ್ಥೆಗೇ ಕೊಟ್ಟರೂ ಮೂಲದಲ್ಲೇ ತೆರಿಗೆ ಕಡಿತ ಆಗಬೇಕು ಎಂಬುದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು.

ಹೆದರಬೇಕಾಗಿಲ್ಲ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಮಾಮೂಲಿ ಆದಾಯಕ್ಕೆ ಕಟ್ಟುವ ತೆರಿಗೆ ಸೊನ್ನೆ. ಸಂಬಳದವರಿಗೆ ಇನ್ನೂ 75,000 ಕಡಿತ ಸಿಗುತ್ತದೆ. ಹಳ್ಳಿಯ ಪಾಸ್ಟರ್ ಕವರ್ ಎಲ್ಲ ಬರೆದು ತೋರಿಸಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಸಿಗುವುದು ಮಾತ್ರ ದೊಡ್ಡದು. ಮಕ್ಕಳ ಓದಿನ ಸಾಲಕ್ಕೆ ಬ್ಯಾಂಕಿನವರು ರಿಟರ್ನ್ ಕೇಳುತ್ತಾರೆ. ರಾತ್ರಿ ಪ್ರಾರ್ಥನೆ ಮುಗಿಸಿ ಬೈಕಿನಲ್ಲಿ ಬರುವಾಗ ಅಪಘಾತವಾದರೆ ಪರಿಹಾರದ ಕೋರ್ಟಿನಲ್ಲಿ ಆದಾಯಕ್ಕೆ ಸಾಕ್ಷಿಯಾಗಿ ನಿಲ್ಲುವುದೂ ಅದೇ.

ಹೊರದೇಶದ ಹಣದ ಬಗ್ಗೆ ಎರಡೇ ಮಾತು. ಸಭೆಯ ಹುಡುಗ ಕುವೈತ್‌ನಲ್ಲಿ ದುಡಿದು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಸಭೆಯ ಕೆಲಸಕ್ಕೆ ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಮುಗಿದ ಮೇಲೆ ನಿವೃತ್ತಿಯ ಮಾತು ಎತ್ತಿದೆ. "ದೇವರು ನಡೆಸ್ತಾನೆ ಮೇಡಂ" ಎಂದರು ಪಾಸ್ಟರ್. ಅವರ ನಂಬಿಕೆಯ ಮುಂದೆ ನಾನು ವಾದ ಮಾಡುವುದಿಲ್ಲ. ಆಗ ಪಾಸ್ಟರಮ್ಮ, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವರು, ಕೇಳಿದರು. "ಇವರಿಗೆ ಏನಾದ್ರೂ ಆದ್ರೆ, ನಾನು ಆ ಮನೇಲಿ ಇರಬಹುದಾ ಮೇಡಂ?"

ಪ್ರಾರ್ಥನಾಲಯದ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ. ಆದರೆ ಹೊಸ ಪಾಸ್ಟರ್ ಬಂದ ದಿನ ಆ ಮನೆ ಅವರದ್ದು. ಇಷ್ಟು ವರ್ಷ ಆ ಅಂಗಳ ಗುಡಿಸಿ, ಬಂದವರಿಗೆಲ್ಲ ಚಹಾ ಕಾಸಿ ಕೊಟ್ಟವರಿಗೆ ಹೋಗಲು ಇನ್ನೊಂದು ಮನೆ ಇಲ್ಲ. ನನಗೆ ಅವರ ಕಣ್ಣು ನೋಡಲು ಆಗಲಿಲ್ಲ.

ಈ ಸಲ ವಯಸ್ಸು ಕೇಳಿದೆ. ಪಾಸ್ಟರಮ್ಮನಿಗೆ 39! ಅಟಲ್ ಪಿಂಚಣಿಗೆ ಇನ್ನೂ ಸಮಯ ಇತ್ತು. ತೆರಿಗೆ ಕಟ್ಟುವವರು ಸೇರುವಂತಿಲ್ಲ ಎಂಬ ಅಡ್ಡಿಯೂ ಅವರಿಗೆ ಇರಲಿಲ್ಲ. ಆ ವಾರವೇ ಬ್ಯಾಂಕಿಗೆ ಕರೆದುಕೊಂಡು ಹೋದೆ. ತಿಂಗಳಿಗೆ 1,318 ರೂಪಾಯಿ, 60ರ ನಂತರ ತಿಂಗಳಿಗೆ 5,000. ಪಾಸ್ಟರ್‌ಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆ ತೆರೆದೆವು. ಅದಕ್ಕೆ ಈಗ ತಿಂಗಳಿಗೆ 2,000 ಹೋಗುತ್ತದೆ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ವಿಮೆಗೆ 50 ವರ್ಷದೊಳಗೆ ಸೇರಬೇಕು, ಅವರಿಗೆ 46. ಅದನ್ನೂ, 20 ರೂಪಾಯಿಯ ಅಪಘಾತ ವಿಮೆಯನ್ನೂ ಮಾಡಿಸಿದೆವು. ಎರಡರಲ್ಲೂ 2 ಲಕ್ಷ. ಬ್ಯಾಂಕ್ ಖಾತೆಗೆ ನಾಮಿನಿಯೇ ಇರಲಿಲ್ಲ, ಅದನ್ನೂ ತುಂಬಿಸಿದೆವು.

ಆ 5,000ಕ್ಕೆ 2045ರಲ್ಲಿ ಎಷ್ಟು ಬೆಲೆ ಇರುತ್ತದೆ ಎಂದು ನನಗೂ ಚಿಂತೆ ಇದೆ. ಅದೊಂದೇ ಸಾಲದು ಎಂದು ಅವರಿಗೂ ಹೇಳಿದ್ದೇನೆ. ಪಾಸ್ಟರ್ 38ರಲ್ಲೇ ಸೇರಿದ್ದರೆ ಇಬ್ಬರಿಗೂ ತಲಾ 5,000 ಆಗುತ್ತಿತ್ತು. ಅದನ್ನು ಅವರಿಗೆ ನೇರವಾಗಿ ಹೇಳಿ ಕ್ಷಮೆ ಕೇಳಿದೆ. "ನೀವು ಅವತ್ತು ಫೀಸು ಬೇಡ ಅಂದಿದ್ದು ನೆನಪಿದೆ ಮೇಡಂ" ಎಂದಷ್ಟೇ ಹೇಳಿದರು.

ಮನೆಯ ವಿಷಯ ಇನ್ನೂ ಬಗೆಹರಿದಿಲ್ಲ. ಹಳ್ಳಿಯ ಅಂಚಿನಲ್ಲಿ ಒಂದು ಸೈಟ್ ಕೊಳ್ಳಲು ಸಭೆಯವರು ಪ್ರತಿ ತಿಂಗಳು ಬೇರೆಯಾಗಿ ಹಣ ತೆಗೆದಿಡುತ್ತಿದ್ದಾರೆ. ಅದು ಟ್ರಸ್ಟ್ ಹೆಸರಿನಲ್ಲಿರಬೇಕೋ, ಸಂಬಳ ಜಾಸ್ತಿ ಮಾಡಿ ಅವರೇ ಕೊಳ್ಳುವ ಹಾಗೆ ಮಾಡಬೇಕೋ ಎಂದು ಚರ್ಚೆ ನಡೆದಿದೆ. ಎರಡನೆಯದೇ ಸರಿ ಎಂದು ನಾನು ಹೇಳಿದ್ದೇನೆ. ಬರುವ ಸುಗ್ಗಿ ಹಬ್ಬ ಮುಗಿದ ಮೇಲೆ ಮತ್ತೆ ಕೂರುತ್ತೇವೆ. ಈ ಸಲ ಪಾಸ್ಟರಮ್ಮನನ್ನೂ ಒಳಗೆ ಕೂರಿಸಿ ಎಂದು ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದೇನೆ.