ಅಂದಿನ ನಿರ್ಧಾರ, ಇಂದಿನ ದರ
ಆಲಮಟ್ಟಿ ಜಲಾಶಯದ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಮನೆಗಳನ್ನು ಬಿಟ್ಟು ನವನಗರಕ್ಕೆ ಬಂದ ನಮ್ಮ ಓರಗೆಯವರು ಈಗ ನಿವೃತ್ತರಾಗಿ ಸಂಜೆ ಒಂದೆಡೆ ಕೂತರೆ, ಪರಿಹಾರದ ಹಣವನ್ನು ಮಗಳ ಮದುವೆಗೆ ಖರ್ಚು ಮಾಡದೆ ಇನ್ನೊಂದು ನಿವೇಶನ ಕೊಳ್ಳಬೇಕಿತ್ತೆಂದು ಒಬ್ಬರು, ಪುಣೆಯ ನೌಕರಿ ಬಿಟ್ಟು ಬರಬಾರದಿತ್ತೆಂದು ಇನ್ನೊಬ್ಬರು ಹಳಹಳಿಸುತ್ತಾರೆ. ಅಂದಿನ ನಿರ್ಧಾರಗಳನ್ನು ಇಂದಿನ ದರದಲ್ಲಿ ಅಳೆಯುವುದು ನನಗೆ ಅನ್ಯಾಯವೆನಿಸುತ್ತದೆ. 1997ರಲ್ಲಿ ಬಾಗಲಕೋಟೆಯು ವಿಜಯಪುರದಿಂದ (ಆಗಿನ್ನೂ ಅದು ಬಿಜಾಪುರವೇ) ಬೇರ್ಪಟ್ಟು ಜಿಲ್ಲೆಯಾದರೂ, ನವನಗರವು ನಮ್ಮ ಕಣ್ಣಿಗೆ ನೆರಳಿಲ್ಲದ ಬಯಲಾಗಿಯೇ ಇತ್ತು. ಅಲ್ಲಿ ಎರಡನೆಯ ನಿವೇಶನ ಕೊಳ್ಳುವವರನ್ನು ಕಂಡು ನಗುತ್ತಿದ್ದವರು ಇದೇ ಗೆಳೆಯರು. ಅಂದಹಾಗೆ, ಮದುವೆಯ ಖರ್ಚಿಗಾಗಿ ಮರುಗುವ ಆ ಹಿರಿಯರು ಮೊಮ್ಮಗ ರಜೆಗೆ ಬಂದಿರುವಷ್ಟು ದಿನ ನಿವೇಶನದ ಮಾತನ್ನೇ ಎತ್ತುವುದಿಲ್ಲ.