ಹತ್ತು ದಿನದ ಕಾಲೇಜು, ಎರಡು ವರ್ಷದ ನಂಟು

‘ರುಡ್‌ಸೆಟ್‌ಗೆ ಹೋಗಿ ಬಂದಿದ್ದಾಳೆ’ ಅಂದರೆ ಊರ ಕಡೆ ‘ಹೊಲಿಗೆ ಕಲಿತು ಬಂದಿದ್ದಾಳೆ’ ಅಂತಲೇ ಅರ್ಥ. ರುಡ್‌ಸೆಟ್ ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಸಂಸ್ಥೆ. ಅಲ್ಲಿ ಹೊಲಿಗೆ ಕಲಿಸುತ್ತಾರೆ, ನಿಜ. ಆದರೆ ಹೊಲಿಗೆ ಕಲಿಸೋಕೆ ಪೇಟೆಯ ಟೈಲರ್ ಅಂಗಡಿಯೂ ಸಾಕು. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಈ ಸಂಸ್ಥೆ ಕಟ್ಟಿದ್ದು ಬೇರೆಯದಕ್ಕೇ: ಕಲಿತವರು ಊರಲ್ಲೇ ಬೋರ್ಡು ಹಾಕಿಕೊಂಡು ಕೂರಲಿ ಅಂತ. ಅಂಗಡಿ ಹಾಕಲು ಸಾಲ ಬೇಕಲ್ಲ, ಬ್ಯಾಂಕಿನವರು ಜೊತೆಗಿರೋದು ಆ ಕಾರಣಕ್ಕೆ. ಮುಂದೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಜಿಲ್ಲೆಗೊಂದರಂತೆ ಬ್ಯಾಂಕುಗಳ ಕೈಗೆ ಒಪ್ಪಿಸಿತು. ಅದೇ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಹೆಸರು ಎರಡು, ಕೆಲಸದ ರೀತಿ ಒಂದೇ.

ಫೀಸಿಲ್ಲ. ಊಟ, ವಸತಿ ಅಲ್ಲೇ. ಒಂದು ಬ್ಯಾಚಿಗೆ 25ರಿಂದ 35 ಜನ. ಹೈನುಗಾರಿಕೆ, ಅಣಬೆ, ಕೋಳಿ, ಜೇನು ಇವೆಲ್ಲ 10 ದಿನ. ಹೊಲಿಗೆ, ಮೊಬೈಲ್ ರಿಪೇರಿ, ಹೌಸ್ ವೈರಿಂಗ್, ಬ್ಯೂಟಿ ಪಾರ್ಲರ್ ಸುಮಾರು ಒಂದು ತಿಂಗಳು. 18 ತುಂಬಿರಬೇಕು. ಹಳ್ಳಿಯವರಿಗೆ, ಅದರಲ್ಲೂ ಬಿಪಿಎಲ್ ಮನೆಯವರಿಗೆ ಮೊದಲ ಸೀಟು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಫೋಟೋ ಹಿಡಿದು ಸಂದರ್ಶನಕ್ಕೆ ಹೋದರೆ ಆಯಿತು. ಅಲ್ಲಿ ಅಂಕಪಟ್ಟಿಗಿಂತ ಹೆಚ್ಚಾಗಿ ನೋಡುವುದು, ಈ ಮನುಷ್ಯ ಮುಂದೆ ಅಂಗಡಿ ಹಾಕುತ್ತಾನೋ, ಸರ್ಟಿಫಿಕೇಟಿಗೆ ಬಂದಿದ್ದಾನೋ ಅನ್ನುವುದನ್ನು.

ಮೊದಲ ದಿನಗಳಲ್ಲಿ ಮಷಿನ್ ಮುಟ್ಟಿಸುವುದಕ್ಕಿಂತ ಆಟ ಆಡಿಸುವುದೇ ಜಾಸ್ತಿ. ಇದನ್ನು ಟೈಮ್‌ಪಾಸ್ ಅಂದುಕೊಂಡು ಗೊಣಗುವವರಿದ್ದಾರೆ; ನನ್ನ ಪ್ರಕಾರ ಇಡೀ ತರಬೇತಿಯಲ್ಲಿ ಬೆಲೆಬಾಳುವ ಭಾಗ ಇದೇ. ಕಾಗದದ ದೋಣಿ ಆಟ ನೋಡಿ. ಇಷ್ಟು ನಿಮಿಷದಲ್ಲಿ ಎಷ್ಟು ದೋಣಿ ಮಾಡುತ್ತೀರಿ ಅಂತ ಮೊದಲೇ ಹೇಳಬೇಕು, ಅಷ್ಟಕ್ಕೆ ಕಾಗದ ‘ಕೊಳ್ಳ’ಬೇಕು, ಮಾಡಿದ್ದನ್ನು ಗುರುಗಳಿಗೆ ‘ಮಾರ’ಬೇಕು. ಒಬ್ಬರು ಹುಮ್ಮಸ್ಸಿನಲ್ಲಿ ಹದಿನೈದು ಅನ್ನುತ್ತಾರೆ, ಮುಗಿಯುವುದು ಏಳು. ಅದರಲ್ಲಿ ಎರಡರ ಮೂತಿ ಸೊಟ್ಟ, ವಾಪಸ್. ಉಳಿದ ಎಂಟು ಹಾಳೆ ಕೈಯಲ್ಲೇ. ಕಚ್ಚಾ ಮಾಲಿನಲ್ಲಿ ದುಡ್ಡು ಕಟ್ಟಿಹಾಕಿಕೊಳ್ಳುವುದು ಅಂದರೆ ಏನು ಅಂತ ಆ ಎಂಟು ಹಾಳೆ ಹೇಳಿದಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ಕೊನೆಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಸುತ್ತಾರೆ. ಎಡವುವುದು ಇಲ್ಲೇ. ಎರಡು ಮಿಶ್ರತಳಿ ಹಸುವಿನ ರಿಪೋರ್ಟ್ ತಗೊಳ್ಳಿ. ಬಹಳ ಜನ ದಿನಕ್ಕೆ 10 ಲೀಟರ್ ಅಂತ ಹಿಡಿದು 365ರಿಂದ ಗುಣಿಸಿಬಿಡುತ್ತಾರೆ. ಹಸು ಹಾಲು ಕೊಡುವುದು ಸುಮಾರು 300 ದಿನ. ಕರು ಹಾಕುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಬೇಕು. ಆ ಹತ್ತು ಲೀಟರಾದರೂ ದಿನವೂ ಒಂದೇ ಸಮ ಇರುವುದಿಲ್ಲ. ಎರಡನೇ ತಿಂಗಳು ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಬೆದೆ ಒಂದು ಸಲ ಕಣ್ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಇನ್ನು ಖರ್ಚು: ಹಸುವಿನ ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿಯಂತೆ ಲೆಕ್ಕ ಹಾಕಿದರೆ, 10 ಲೀಟರ್ ಹಸುವಿಗೆ ದಿನಕ್ಕೆ ಐದೂವರೆ ಕೆಜಿ ಪಶು ಆಹಾರ ಬೇಕು. 50 ಕೆಜಿ ಚೀಲ ಒಂಬತ್ತೇ ದಿನ. ಹಾಲು ನಿಂತರೂ ಮೇವು ನಿಲ್ಲುವುದಿಲ್ಲ, ಕಂತೂ ನಿಲ್ಲುವುದಿಲ್ಲ. ಹಾಗಾಗಿ ಎರಡೂ ಹಸುವನ್ನು ಒಂದೇ ಸಂತೆಯಲ್ಲಿ ಹಿಡಿದು ತರಬೇಡಿ. ಮೊದಲನೆಯದು ಬಂದ ಐದಾರು ತಿಂಗಳಿಗೆ ಎರಡನೆಯದು ಬರಲಿ. ಸಾಲವನ್ನೂ ಎರಡು ಸಲಕ್ಕೆ ಬಿಡುಗಡೆ ಮಾಡಲು ಬ್ಯಾಂಕಿಗೆ ಮೊದಲೇ ಕೇಳಿ. ಆಗ ಒಂದು ಬತ್ತಿದಾಗ ಇನ್ನೊಂದು ಹಾಲು ಕೊಡುತ್ತಿರುತ್ತದೆ.

ಇನ್ನು ಸಾಲ. ತರಬೇತಿ ಮುಗಿಸಿದವರಿಗೆಲ್ಲ ಸಾಲ ಗ್ಯಾರಂಟಿ ಅನ್ನುವುದು ಸುಳ್ಳು. ಸಂಸ್ಥೆ ಅರ್ಜಿಯನ್ನು ಶಾಖೆಗೆ ಕಳಿಸುತ್ತದೆ, ಕೊಡುವುದು ಬಿಡುವುದು ಮ್ಯಾನೇಜರಿಗೆ ಸೇರಿದ್ದು. ಯಾವತ್ತೋ ಕಂತಿನ ಮೇಲೆ ಫೋನು ತಗೊಂಡು ಕೊನೆಯ ಎರಡು ಕಂತು ಕಟ್ಟದೆ ಬಿಟ್ಟಿದ್ದರೆ ಅದು ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲಿ ಕೂತಿರುತ್ತದೆ. ತರಬೇತಿಗೆ ಸೇರುವ ಮೊದಲೇ ಅದನ್ನು ತೀರಿಸಿ, ಬಾಕಿ ಇಲ್ಲವೆಂದು ಪತ್ರ ಬರೆಸಿಕೊಂಡಿರಿ. ಕೊಟೇಶನ್ ಜಿಎಸ್‌ಟಿ ನಂಬರ್ ಇರುವ ಅಂಗಡಿಯದ್ದೇ ಇರಲಿ. ಮಷಿನ್ ದುಡ್ಡನ್ನು ಬ್ಯಾಂಕು ಸಾಮಾನ್ಯವಾಗಿ ನೇರ ಅಂಗಡಿಗೇ ಹಾಕುತ್ತದೆ.

ಹೊಲಿಗೆ ಘಟಕದಂಥದ್ದಕ್ಕೆ ಪಿಎಂಇಜಿಪಿ, ಅಂದರೆ ಸಬ್ಸಿಡಿ ಇರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ಸಾಲ, ಹಿಡಿಯುವವರು ಹೆಚ್ಚು. ಹಳ್ಳಿಯ ಹೆಣ್ಣುಮಗಳ 4 ಲಕ್ಷದ ಯೋಜನೆ ಅಂದರೆ ಸ್ವಂತ ಹಣ ಶೇ 5, ಅಂದರೆ 20,000. ಸಬ್ಸಿಡಿ ಶೇ 35, ಅಂದರೆ 1,40,000. ಆದರೆ ಸಬ್ಸಿಡಿ ಕೈಗೆ ಸಿಗುತ್ತದೆ ಅಂದುಕೊಂಡವರೇ ಆಮೇಲೆ ಬ್ಯಾಂಕಿನಲ್ಲಿ ಜಗಳ ತೆಗೆಯುವುದು. ಅದು ಮೂರು ವರ್ಷ ನಿಮ್ಮ ಹೆಸರಿನ ಠೇವಣಿಯಾಗಿ ಅಲ್ಲೇ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವಂತಿಲ್ಲ, ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಿ. ಇನ್ನೊಂದು: ಈ ಶೇ 35ರ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ಮಂಜೂರಾಗುವ ಮೊದಲೇ ಮಷಿನ್ ತಂದು, ಟೇಪು ಕತ್ತರಿಸಿ, ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದರೆ ನಿಮ್ಮದು ಹಳೇ ಘಟಕ ಅನ್ನಿಸಿಕೊಂಡುಬಿಡಬಹುದು.

ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಸ್ಥೆಯವರು ನಿಮ್ಮ ಬೆನ್ನು ಬಿಡುವುದಿಲ್ಲ. ಫೋನು, ಮನೆ ಭೇಟಿ, ಹಳೇ ಬ್ಯಾಚಿನವರ ಸಭೆ. ‘ಇನ್ನೂ ಶುರು ಮಾಡಿಲ್ಲ ಸಾರ್’ ಅಂತ ಹೇಳಲು ನಾಚಿಕೊಂಡು ಫೋನು ಎತ್ತದವರು ಬಹಳ. ಎತ್ತಿ. ಅರ್ಜಿ ಯಾವ ಶಾಖೆಯಲ್ಲಿ, ಯಾವ ತಾರೀಖಿನಿಂದ, ಯಾವ ಕಾಗದಕ್ಕೆ ನಿಂತಿದೆ ಅನ್ನುವ ಮೂರು ವಿಷಯ ಹೇಳಿ. ಅವರೂ ಬ್ಯಾಂಕಿನ ಬಳಗದವರೇ. ನೀವು ಆರು ಸಲ ಬಸ್ಸು ಹತ್ತಿ ಕೇಳುವುದನ್ನು ಅವರು ಒಂದು ಕರೆಯಲ್ಲಿ ಕೇಳಬಲ್ಲರು.